ಆಯಿ ಹೇಳಿದ ಕಥೆಗೆ ಚಿತ್ರ ತೆಗೆಯುವುದು: ‘ಹೂಂ’ ಎಣಿಸುವುದರಿಂದ ಪ್ರೆಸ್‌ವರೆಗೆ

ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. ಆಯಿಯ ಕಥೆ ಇಷ್ಟೇ. ಅಜ್ಜ ಸಂತೆ ಮುಗಿಸಿ ಚಕ್ಕಡಿ ಹೂಡಿಕೊಂಡು ಊರಿಗೆ ಹೊರಟಿದ್ದರು. ಮಕ್ಕಳಿಗೆ ಅಂತ ಒಂದು ಚೀಲ ಚುರಮರಿ (ಮಂಡಕ್ಕಿ) ತಗೊಂಡಿದ್ದರು. ದಾರಿಯಲ್ಲಿ ಬೆಣ್ಣೆಹಳ್ಳ ತುಂಬಿ ಬಂದಿತ್ತು. ಕತ್ತಲಲ್ಲಿ ಅಜ್ಜನಿಗೆ ನೀರು ಕಾಣಲಿಲ್ಲ. ಬಸ್ಯಾ ಅನ್ನುವ ಎತ್ತು ಮಾತ್ರ ಹೆಜ್ಜೆ ಕೀಳಲಿಲ್ಲ. ರಾತ್ರಿಯೆಲ್ಲ ದಂಡೆಯಲ್ಲೇ ಕಳೆದರು. ಬೆಳಗ್ಗೆ ನೀರು ಇಳಿದ ಮೇಲೆ ಮನೆ ಮುಟ್ಟಿದರೆ ಚೀಲ ಖಾಲಿ. ಚುರಮರಿ ಯಾರು ತಿಂದರು? ಅದು ಇವತ್ತಿಗೂ ಇತ್ಯರ್ಥ ಆಗಿಲ್ಲ.

ಇಷ್ಟು ಸಣ್ಣ ಕಥೆಯನ್ನು ಮಕ್ಕಳ ಚಿತ್ರಪುಸ್ತಕ ಮಾಡಲು ನನಗೆ ಎರಡು ವರ್ಷ ಹಿಡಿಯಿತು. ಹುಬ್ಬಳ್ಳಿಯಲ್ಲಿ ನೌಕರಿ, ರಾತ್ರಿ ಊಟ ಆದ ಮೇಲೆ ಡೈನಿಂಗ್ ಟೇಬಲ್ ಮೇಲೆ ಬಣ್ಣ. ಎರಡು ಸಲ ಎಲ್ಲ ಚಿತ್ರ ಮುಗಿಸಿದೆ, ಎರಡು ಸಲವೂ ಕಪಾಟಿಗೆ ಹಾಕಿದೆ. ಚಿತ್ರಗಳೇನೋ ಚೆನ್ನಾಗಿದ್ದವು. ಪುಟ ತಿರುವಿದರೆ ಆಯಿಯ ಕಥೆ ಮಾತ್ರ ಎಲ್ಲೂ ಕೇಳುತ್ತಿರಲಿಲ್ಲ. ಬಾಯಲ್ಲಿ ಹೇಳುವ ಕಥೆಯಲ್ಲಿ ಅರ್ಧ ಕೆಲಸ ದನಿ ಮಾಡುತ್ತದೆ. ಪುಸ್ತಕದಲ್ಲಿ ಆ ದನಿ ಇರುವುದಿಲ್ಲ, ಅದರ ಕೆಲಸವನ್ನು ಚಿತ್ರವೇ ಮಾಡಬೇಕು. ನಾನು ಆಯಿಯ ಮಾತುಗಳಿಗೆ ಚಿತ್ರ ತೆಗೆದಿದ್ದೆ, ದನಿಗೆ ತೆಗೆದಿರಲಿಲ್ಲ. ಮೂರನೇ ಸಲ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಕಥೆ ಇದ್ದರೆ ನನ್ನ ಎರಡು ವರ್ಷ ನಿಮಗೆ ಉಳಿಯಬಹುದು.

1. ಮೊದಲು ರೆಕಾರ್ಡ್, ಆಮೇಲೆ ಪೆನ್ಸಿಲ್

ಕಥೆ ನಿಮಗೆ ಬಾಯಿಪಾಠ ಇರಬಹುದು. ಆದರೂ ಒಂದು ಸಲ ರೆಕಾರ್ಡ್ ಮಾಡಿ. ಒಂದು ಮಾತು ಮರೆಯಬೇಡಿ: ಎದುರಿಗೆ ಒಂದು ಮಗು ಕೂತಿರಬೇಕು. ನಾನೊಬ್ಬಳೇ ಫೋನ್ ಹಿಡಿದು ಕೂತಾಗ ಆಯಿ ಎರಡೇ ನಿಮಿಷದಲ್ಲಿ ಕಥೆ ಮುಗಿಸಿ, ‘ನಿನಗ ಗೊತ್ತೈತಲ್ಲ, ಮತ್ತೇನ್ ಹೇಳೂದು’ ಅಂದುಬಿಟ್ಟಳು. ನನ್ನ ತಂಗಿಯ ಮಗನನ್ನು ಪಕ್ಕದಲ್ಲಿ ಮಲಗಿಸಿದಾಗ ಅದೇ ಕಥೆ ಹನ್ನೊಂದು ನಿಮಿಷ ಹರಿಯಿತು.

ಈಗ ಆ ರೆಕಾರ್ಡಿಂಗ್ ಕೇಳುತ್ತಾ ಮಗುವಿನ ‘ಹೂಂ’ಗಳನ್ನು ಎಣಿಸಿ. ನಮ್ಮಲ್ಲಿ ಕಥೆ ಕೇಳುವವರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆದರೆ ಎಲ್ಲ ಹೂಂ ಒಂದೇ ಅಲ್ಲ. ಸುಮ್ನೆ ಹೇಳುವ ಹೂಂ ಒಂದು. ಅದು ಬಂದ ಕಡೆ ಕಥೆ ನಡೆಯುತ್ತಿದೆ, ಅಷ್ಟೇ. ‘ಹೂಂ, ಮುಂದ?’ ಅನ್ನುವುದು ಇನ್ನೊಂದು. ಅದು ಬಂದ ಕಡೆಯೇ ನಿಮ್ಮ ಪುಟ ತಿರುಗಬೇಕು. ಮೂರನೆಯದರಲ್ಲಿ ಹೂಂ ಬರುವುದೇ ಇಲ್ಲ. ಮಗು ಉಸಿರು ಹಿಡಿದಿರುತ್ತದೆ. ಆ ಜಾಗದಲ್ಲಿ ಅಕ್ಷರವೇ ಇಲ್ಲದೆ ಎರಡೂ ಪುಟ ತುಂಬಾ ಒಂದೇ ಚಿತ್ರ ಹಾಕಿ.

ನನ್ನ ರೆಕಾರ್ಡಿಂಗ್‌ನಲ್ಲಿ ‘ಮುಂದ?’ ಅನ್ನುವುದು ಹದಿನಾರು ಸಲ ಬಂದಿತ್ತು. ಪೂರ್ತಿ ಮೌನ ಎರಡು ಸಲ. ಒಂದು, ಬಸ್ಯಾ ನಿಂತಾಗ. ಇನ್ನೊಂದು, ಅಜ್ಜ ಕಂದೀಲು ಎತ್ತಿ ನೋಡಿದರೆ ಎದುರಿಗೆ ದಾರಿಯೇ ಇಲ್ಲ, ಬರೀ ನೀರು. ನನ್ನ ಮೊದಲ ಎರಡು ಪ್ರಯತ್ನದಲ್ಲಿ ಈ ಎರಡೂ ಜಾಗ ಒಂದೇ ಪುಟದ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು ಗಾತ್ರದಲ್ಲಿ ಇದ್ದವು. ಸಂತೆಗೆ ಮಾತ್ರ ನಾಲ್ಕು ಪುಟ ಕೊಟ್ಟಿದ್ದೆ. ಸಂತೆಯ ಚಿತ್ರ ತೆಗೆಯಲು ನನಗೆ ಇಷ್ಟ, ಅದೇ ಕಾರಣ.

2. ಎಂಟು ಹಾಳೆಯ ಡಮ್ಮಿ

ಎಂಟು ಎ4 ಹಾಳೆ ತಗೊಂಡು ನಡುವೆ ಮಡಚಿ ಒಂದರೊಳಗೊಂದು ಸೇರಿಸಿ. 32 ಪುಟದ ಪುಟ್ಟ ಪುಸ್ತಕ ಆಯಿತು. ಇದೇ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ. ಚಿತ್ರಪುಸ್ತಕಗಳು ಹೆಚ್ಚಾಗಿ 16, 24 ಅಥವಾ 32 ಪುಟ ಇರುವುದಕ್ಕೆ ಕಾರಣ ಮುದ್ರಣ. ದೊಡ್ಡ ಹಾಳೆಯ ಮೇಲೆ ಹಲವು ಪುಟ ಒಟ್ಟಿಗೆ ಅಚ್ಚಾಗಿ ಆಮೇಲೆ ಮಡಚುತ್ತಾರೆ. ಪ್ರೆಸ್‌ನವರು ‘ಒಂದು ಫಾರಂ’ ಅಂದರೆ ಸಾಮಾನ್ಯವಾಗಿ 16 ಪುಟ. ಸೆಂಟರ್ ಪಿನ್ (ಮಡಿಕೆಯ ನಡುವೆ ಪಿನ್) ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 27 ಪುಟದ ಪುಸ್ತಕ ಮಾಡಿಕೊಂಡು ಹೋದರೆ ಒಂದು ಖಾಲಿ ಪುಟಕ್ಕೂ ದುಡ್ಡು ಕೊಟ್ಟು ಬರುತ್ತೀರಿ.

ನನ್ನ ಹಂಚಿಕೆ ಹೀಗಿತ್ತು: ಪುಟ 1 ಶೀರ್ಷಿಕೆ, 2–3 ಪ್ರಕಾಶನದ ವಿವರ ಮತ್ತು ಅರ್ಪಣೆ, 4ರಿಂದ 31ರವರೆಗೆ ಕಥೆ, 32 ಖಾಲಿ. ಅಂದರೆ ಎದುರುಬದುರು ಪುಟಗಳ 14 ಜೋಡಿ. ಹದಿನಾರು ‘ಮುಂದ?’ಗಳಲ್ಲಿ ಎರಡನ್ನು ಬೇರೆಯವುಗಳ ಜೊತೆ ಸೇರಿಸಿದೆ. ಹೆಬ್ಬೆರಳಿನ ಗಾತ್ರದ ಗೀಚುಚಿತ್ರ ಸಾಕು, ಅಂದ ನೋಡಬೇಡಿ. ಒಂದು ಸಂಜೆಯಲ್ಲಿ ಮೂರು ಡಮ್ಮಿ ಮಾಡಬಹುದು. ಬಣ್ಣದ ಚಿತ್ರ ಮುಗಿಸಿದ ಮೇಲೆ ತಪ್ಪು ಗೊತ್ತಾದರೆ ಮೂರು ತಿಂಗಳು ಹೋಗುತ್ತದೆ.

ಡಮ್ಮಿ ಹಂತದಲ್ಲೇ ದಿಕ್ಕು ನೋಡಿಕೊಳ್ಳಿ. ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ, ಪುಟವೂ ಬಲಗಡೆಯಿಂದ ತಿರುಗುತ್ತದೆ. ಹೀಗಾಗಿ ಮುಂದೆ ಹೋಗುವವರು ಬಲಕ್ಕೆ ಹೋಗಬೇಕು. ನಾನು ಮೂರು ಪುಟದಲ್ಲಿ ಚಕ್ಕಡಿಯನ್ನು ಎಡಕ್ಕೆ ಓಡಿಸಿದ್ದೆ. ತಂಗಿಯ ಮಗ ಕೇಳಿದ: ‘ಅಜ್ಜ ಯಾಕ ವಾಪಸ್ ಸಂತಿಗಿ ಹೊಂಟಾನ?’ ಈ ನಿಯಮವನ್ನು ಬೇಕಂತಲೇ ಮುರಿಯಲೂಬಹುದು. ಬಸ್ಯಾ ನಿಂತ ಪುಟದಲ್ಲಿ ಅವನ ಮುಖವನ್ನು ಎಡಕ್ಕೆ ತಿರುಗಿಸಿದೆ. ಕಥೆ ಅಲ್ಲೇ ಬ್ರೇಕ್ ಹಾಕಿದ ಹಾಗೆ ಕಾಣುತ್ತದೆ.

3. ಇನ್ನೊಂದು ಎತ್ತು ಯಾವುದು?

ಇದು ನನ್ನ ಪುಸ್ತಕ ಬದುಕಿದ ಜಾಗ, ಅದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮಾತಿನಲ್ಲಿ ಬೇಡದ್ದನ್ನು ಬಿಡಬಹುದು. ಚಿತ್ರದಲ್ಲಿ ಬಿಡಲು ಆಗುವುದಿಲ್ಲ. ಆಯಿ ಎಪ್ಪತ್ತು ವರ್ಷದಿಂದ ‘ಬಸ್ಯಾ ನಿಂತ’ ಅಂತ ಹೇಳುತ್ತಲೇ ಇದ್ದಾಳೆ. ಪೆನ್ಸಿಲ್ ಹಿಡಿದ ಮೇಲೆ ಹೊಳೆಯಿತು, ಚಕ್ಕಡಿಯ ನೊಗಕ್ಕೆ ಎರಡು ಎತ್ತು ಬೇಕು! ಮೊದಲ ಸಲ ನಾನು ಅದನ್ನು ಬಸ್ಯಾನ ಹಿಂದೆ ಅರ್ಧ ಮರೆಮಾಡಿ ತಪ್ಪಿಸಿಕೊಂಡಿದ್ದೆ. ಮೂರನೇ ಸಲ ಹೋಗಿ ಕೇಳಿದೆ.

‘ಅದಾ? ಪಾಪ, ಅದರ ಹೆಸರ ಯಾರಿಗ ನೆನಪೈತಿ. ತನ್ನ ಪಾಡಿಗೆ ತಾನು ತಿನಕೋತ ಇರತಿತ್ತು.’

ತಿನ್ನುತ್ತಾ ಇರುತ್ತಿತ್ತು! ಎತ್ತು ಬಿಚ್ಚಿದ ಮೇಲೆ ಎಲ್ಲಿ ಕಟ್ಟಿದರು ಅಂದೆ. ‘ಗಾಲಿಗೆ ಕಟ್ಟತಾರ, ಮತ್ತೆಲ್ಲಿ ಕಟ್ಟತಾರ?’ ಚೀಲ ಎಲ್ಲಿತ್ತು? ‘ಗಾಲಿ ಬಾಜೂಕ, ಚಕ್ಕಡಿ ಒಳಗ.’ ಆಯಿಗೆ ತಾನು ಏನು ಹೇಳಿದೆ ಅಂತ ಗೊತ್ತಾಗಲಿಲ್ಲ. ನನ್ನ ಪುಸ್ತಕ ಅಲ್ಲಿ ಸಿಕ್ಕಿತು. ಹೆಸರಿಲ್ಲದ ಆ ಎರಡನೇ ಎತ್ತು ಪ್ರತಿ ಪುಟದ ಮೂಲೆಯಲ್ಲಿ ಚೀಲಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತದೆ. ಅಕ್ಷರದಲ್ಲಿ ಅದರ ಸುದ್ದಿಯೇ ಇಲ್ಲ. ಓದಿ ಹೇಳುವ ದೊಡ್ಡವರು ಅಕ್ಷರ ನೋಡುತ್ತಿರುತ್ತಾರೆ, ಮಕ್ಕಳು ಚಿತ್ರ ನೋಡುತ್ತಿರುತ್ತಾರೆ. ಕಳ್ಳನನ್ನು ಮೊದಲು ಹಿಡಿಯುವವರು ಮಕ್ಕಳೇ.

ನೀವೂ ಪೆನ್ಸಿಲ್ ಹಿಡಿಯುವ ಮೊದಲು ಇಂಥ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೂತು ಕೇಳಿ. ಆಗ ಎಷ್ಟು ಹೊತ್ತು? ಚಂದ್ರ ಇದ್ದನೇ? (ನಾನು ದುಂಡಗಿನ ಚಂದ್ರ ತೆಗೆದಿದ್ದೆ. ಅವತ್ತು ಅಮಾವಾಸ್ಯೆ ಅಂತ ಮಾಮಾ ತಕರಾರು ತೆಗೆದರು.) ಮಳೆ ಬರುತ್ತಿತ್ತೇ? ಬರುತ್ತಿರಲಿಲ್ಲವಂತೆ. ಬೆಣ್ಣೆಹಳ್ಳ ವರ್ಷದಲ್ಲಿ ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ಮೇಲಿನ ಭಾಗದಲ್ಲಿ ಮಳೆ ಹೊಯ್ದರೆ ಇಲ್ಲಿ ಹನಿ ಬೀಳದಿದ್ದರೂ ನುಗ್ಗಿ ಬರುತ್ತದೆ. ಅಂದರೆ ನನ್ನ ರಾತ್ರಿಯ ಆಕಾಶದಲ್ಲಿ ನಕ್ಷತ್ರ ಇರಬಹುದು. ಇದು ನನಗೆ ಸಿಕ್ಕ ದೊಡ್ಡ ಉಡುಗೊರೆ. ಅಜ್ಜನ ತಲೆಗೆ ಪಟಕವೋ ಟೋಪಿಯೋ? ಕಾಲಲ್ಲಿ ಚಪ್ಪಲಿ ಇತ್ತೋ? ಆಯಿ ಆಗ ಯಾವ ಸೀರೆ ಉಡುತ್ತಿದ್ದಳು? (ಇಳಕಲ್ ಸೀರೆ, ಖಣದ ಕುಪ್ಪಸ. ‘ಅದ ಎರಡ ಇದ್ದುವು, ಹಾಸ್ಕೊಂಡ ಒಂದು, ಹೊದ್ಕೊಂಡ ಒಂದು’ ಅಂತ ನಕ್ಕಳು.)

‘ಆಮೇಲೆ ಏನಾಯ್ತು’ ಅಂತ ಕೇಳಬೇಡಿ, ಅದು ಹೇಗೂ ರೆಕಾರ್ಡ್ ಆಗಿದೆ. ‘ಕೈಯಲ್ಲಿ ಏನಿತ್ತು’, ‘ಯಾವ ಕಡೆ ಕೂತಿದ್ದರು’ ಅಂತ ಕೇಳಿ.

4. ಚಿತ್ರ ಹೇಳಿದ್ದನ್ನು ಅಕ್ಷರ ಹೇಳಬಾರದು

ಬಸ್ಯಾ ನಿಲ್ಲುವ ಪುಟಕ್ಕೆ ನಾನು ಮೊದಲು ಬರೆದದ್ದು ಹೀಗಿತ್ತು:

‘ಅಜ್ಜನು ಕತ್ತಲೆಯಲ್ಲಿ ಕಂದೀಲು ಹಿಡಿದು ಚಕ್ಕಡಿಯ ಮೇಲೆ ಕುಳಿತಿದ್ದನು. ಅವನ ತಲೆಯ ಮೇಲೆ ಬಿಳಿಯ ಪಟಕವಿತ್ತು. ಬಸ್ಯಾ ಎಂಬ ಎತ್ತು ಇದ್ದಕ್ಕಿದ್ದಂತೆ ಹೆದರಿ ನಿಂತುಬಿಟ್ಟಿತು. ಅಜ್ಜನು ಎಷ್ಟು ಗದರಿಸಿದರೂ ಅದು ಮುಂದೆ ಹೋಗಲಿಲ್ಲ.’

ಈಗ ಇರುವುದು:

‘ಬಸ್ಯಾ ನಿಂತ.
“ನಡಿಯೋ!”
ಬಸ್ಯಾ ನಡೆಯಲಿಲ್ಲ.’

ಪಟಕ, ಕಂದೀಲು, ಕತ್ತಲು ಎಲ್ಲ ಚಿತ್ರದಲ್ಲೇ ಇದೆ. ‘ಹೆದರಿ’ ಅನ್ನುವುದನ್ನು ಹೊಡೆದು ಹಾಕಿದ್ದು ಬೇರೆ ಕಾರಣಕ್ಕೆ. ಬಸ್ಯಾ ಹೆದರಿದ್ದನೋ ಬುದ್ಧಿವಂತನೋ ಅಂತ ಮಗು ಚಿತ್ರ ನೋಡಿ ತಾನೇ ಹೇಳಲಿ. 14 ಜೋಡಿ ಪುಟಕ್ಕೆ ತಲಾ ಇಪ್ಪತ್ತು, ಇಪ್ಪತ್ತೈದು ಪದ ಇಟ್ಟರೂ ಇಡೀ ಪುಸ್ತಕ ಮುನ್ನೂರರ ಆಸುಪಾಸಿಗೆ ಬರುತ್ತದೆ. ಅಷ್ಟು ಸಾಕು.

ಪೆನ್ನು ತಗೊಂಡು ಪ್ರತಿ ಸಾಲಿಗೂ ‘ಇದು ಚಿತ್ರದಲ್ಲಿ ಕಾಣುತ್ತಾ?’ ಅಂತ ಕೇಳಿಕೊಳ್ಳಿ. ಕಂಡರೆ ಹೊಡೆದು ಹಾಕಿ. ಸದ್ದು, ಮಾತು, ಹೆಸರು, ಕಾಲ ಇವು ಚಿತ್ರದಲ್ಲಿ ಕಾಣುವುದಿಲ್ಲ, ಅವು ಉಳಿಯಲಿ. ಆಯಿ ನೀರಿನ ಸದ್ದನ್ನು ‘ಧೋ’ ಅಂತ ಎಳೆದು ಹೇಳುತ್ತಾಳೆ. ಆ ‘ಧೋ’ ನನ್ನ ಪುಸ್ತಕದಲ್ಲಿ ಎರಡು ಪುಟದ ಉದ್ದಕ್ಕೂ ಹರಿಯುತ್ತದೆ.

5. ಎರಡು ಗುಡ್ಡ, ನಡುವೆ ಸೂರ್ಯ

ಚಿತ್ರ ತೆಗೆಯಿರಿ ಅಂದರೆ ನಮ್ಮೆಲ್ಲರ ಕೈ ತಾನಾಗಿಯೇ ಎರಡು ಗುಡ್ಡ, ನಡುವೆ ಸೂರ್ಯ, ತ್ರಿಕೋನದ ಗುಡಿಸಲು, ಒಂದು ತೆಂಗಿನಮರ ತೆಗೆಯುತ್ತದೆ. ನಾನೂ ತೆಗೆದೆ. ಆಯಿಯ ಊರಿನ ಸುತ್ತ ಗುಡ್ಡವೂ ಇಲ್ಲ, ತೆಂಗೂ ಇಲ್ಲ. ನವಲಗುಂದ, ಅಣ್ಣಿಗೇರಿ ಕಡೆಯದು ಎರೆ ಭೂಮಿ. ಕಣ್ಣು ಹಾಯುವವರೆಗೆ ಕರಿ ಹೊಲ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಉಳಿದದ್ದೆಲ್ಲ ಆಕಾಶ. ಮನೆಗಳು ಮೇಲ್ಮುದ್ದೆಯವು. ಮಣ್ಣಿನ ಚಪ್ಪಟೆ ಮಾಳಿಗೆ, ಅದರ ಮೇಲೆ ಏರಿ ಮೆಣಸಿನಕಾಯಿ ಒಣಹಾಕಬಹುದು. ಅದೇ ಜಿಲ್ಲೆಯಲ್ಲಿ ಕಲಘಟಗಿ, ಅಳ್ನಾವರ ಕಡೆ ಹೋದರೆ ಮಳೆ ಜಾಸ್ತಿ, ಮನೆಗೆ ಇಳಿಜಾರು ಹಂಚು. ನಿಮ್ಮ ಕಥೆ ಯಾವ ಕಡೆಯದು ಅಂತ ನೋಡಿಕೊಳ್ಳಿ. ಚಪ್ಪಟೆ ನೆಲ ಅಂತ ಬೇಜಾರಾಗಬೇಡಿ. ದಿಗಂತದ ಗೆರೆಯನ್ನು ಪುಟದ ತೀರಾ ಕೆಳಗೆ ಎಳೆದು ನೋಡಿ. ಚಕ್ಕಡಿ ಎಷ್ಟು ಒಂಟಿ ಅನಿಸುತ್ತದೆ ಅಂದರೆ, ಬೇರೆ ಏನೂ ಬೇಕಾಗುವುದಿಲ್ಲ.

ಎತ್ತಿನದು ಇನ್ನೊಂದು ಪುರಾಣ. ಇಂಟರ್‌ನೆಟ್‌ನಲ್ಲಿ ಸಿಕ್ಕ ಚಿತ್ರ ನೋಡಿ ತೆಗೆದ ಬಸ್ಯಾನನ್ನು ಆಯಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ, ‘ತಂಗಿ, ಇದು ಜರ್ಸಿ ಆಕಳ ಆತಲ್ಲ!’ ಅಂದಳು. ಹೆಗಲ ಮೇಲೆ ಡುಬ್ಬವೇ ಇರಲಿಲ್ಲ. ನಮ್ಮ ಕಡೆಯ ಖಿಲಾರಿ ಎತ್ತಿಗೆ ಡುಬ್ಬ ಬೇಕು, ಬಿಗಿಯಾದ ಮೈ ಬೇಕು, ಕೊಂಬು ಹಿಂದಕ್ಕೆ ಬಾಗಿ ಮೇಲಕ್ಕೆ ಏಳಬೇಕು. ಇದನ್ನು ಹೋಗಿ ನೋಡಿಯೇ ಕಲಿಯಬೇಕು. ಕಾರಹುಣ್ಣಿಮೆಯ ದಿನ ಯಾವುದಾದರೂ ಹಳ್ಳಿಗೆ ಹೋಗಿ, ಸಿಂಗರಿಸಿದ ಎತ್ತುಗಳನ್ನು ಹತ್ತಿರದಿಂದ ನೋಡಬಹುದು. ಹಾವೇರಿಯ ದನದ ಸಂತೆಯೂ ಆದೀತು. ಫೋಟೊ ತೆಗೆಯುವ ಮೊದಲು ಎತ್ತಿನ ಯಜಮಾನರನ್ನು ಒಂದು ಮಾತು ಕೇಳಿ. ಕೇಳಿದರೆ ಅವರೇ ಎತ್ತಿನ ಮುಖ ತಿರುಗಿಸಿ ನಿಲ್ಲಿಸುತ್ತಾರೆ.

ಡುಬ್ಬ ಬಂದ ಮೇಲೂ ಬಸ್ಯಾ ಪ್ರತಿ ಪುಟದಲ್ಲಿ ಬೇರೆ ಬೇರೆ ಎತ್ತಾಗುತ್ತಿದ್ದ. ಒಂದರಲ್ಲಿ ಮೂತಿ ಉದ್ದ, ಇನ್ನೊಂದರಲ್ಲಿ ಕರುವಿನ ಹಾಗೆ. ಮನೆಯವರ ಕಥೆಗೆ ಚಿತ್ರ ತೆಗೆಯುವವರಿಗೆಲ್ಲ ಬರುವ ಕಷ್ಟ ಇದು. ಪರಿಹಾರ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಸಿಕ್ಕಿತು. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುವ ಈ ಅಮಾವಾಸ್ಯೆಗೆ ಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತೇವೆ. ಪೇಟೆಯಲ್ಲಿ ಮಾಡಿದ್ದೇ ಸಿಗುತ್ತದೆ. ನಾನು ಅಂಗೈ ಅಗಲದ ಒಂದು ಜೋಡಿ ಮಾಡಿ, ಒಣಗಿಸಿ, ಟೇಬಲ್ ಮೇಲೆ ಇಟ್ಟೆ. ಎಡದಿಂದ, ಹಿಂದಿನಿಂದ, ಮೇಲಿನಿಂದ ಹೇಗೆ ಬೇಕಾದರೂ ತಿರುಗಿಸಿ ನೋಡಬಹುದು. ಕತ್ತಲು ಮಾಡಿ ಟಾರ್ಚ್ ಹಿಡಿದರೆ ಕಂದೀಲಿನ ಬೆಳಕು ಡುಬ್ಬದ ಮೇಲೆ ಎಲ್ಲಿ ಬೀಳುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಅದಾದ ಮೇಲೆ ಬಸ್ಯಾ ಬದಲಾಗಲಿಲ್ಲ. ಮನುಷ್ಯರ ಮುಖಕ್ಕೂ ಇದೇ ಉಪಾಯ ಆಗುತ್ತದೆ. ಮಣ್ಣಿನ ಕೆಲಸ ಬರುವುದಿಲ್ಲ ಅಂದರೆ ಒಂದು ದೊಡ್ಡ ಹಾಳೆಯಲ್ಲಿ ಅದೇ ಪಾತ್ರವನ್ನು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ನಗುವಾಗ, ಸಿಟ್ಟಾದಾಗ ತೆಗೆದು ಗೋಡೆಗೆ ಅಂಟಿಸಿ. ಅಜ್ಜನ ಗುರುತಿಗೆ ಒಂದೆರಡು ವಸ್ತು ಗಟ್ಟಿ ಮಾಡಿಕೊಳ್ಳಿ. ನನ್ನ ಅಜ್ಜನ ಮೂಗು ಪುಟದಿಂದ ಪುಟಕ್ಕೆ ಸ್ವಲ್ಪ ಬದಲಾದರೂ ಪಟಕದ ಒಂದು ತುದಿ ಯಾವಾಗಲೂ ಕಿವಿಯ ಮೇಲೆ ಜೋತಾಡುತ್ತಿರುತ್ತದೆ. ಮಕ್ಕಳು ಅದನ್ನೇ ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಮಾತು. ಸತ್ತುಹೋದ ಅಜ್ಜನ ಮುಖ ಫೋಟೊದಂತೆಯೇ ಬರಬೇಕು ಅಂತ ಹಟ ಮಾಡಬೇಡಿ. ಗೋಡೆಯ ಮೇಲಿನ ಫೋಟೊ ಎದುರಿಗೆ ಇಟ್ಟುಕೊಂಡು ನಾನು ತೆಗೆದ ಅಜ್ಜ ಎಲ್ಲ ಪುಟದಲ್ಲೂ ಸ್ಟುಡಿಯೋದಲ್ಲಿ ನಿಂತವರ ಹಾಗೆ ಬಿಗಿಯಾಗಿದ್ದರು.

6. ಬಣ್ಣ ನಾಲ್ಕೇ ಇರಲಿ

ಬಣ್ಣ ಜಾಸ್ತಿ ಆದಷ್ಟೂ ಕೈ ತಪ್ಪುತ್ತದೆ. ನಾನು ನಾಲ್ಕಕ್ಕೆ ನಿಂತೆ: ಎರೆ ಮಣ್ಣಿನ ಕಪ್ಪುಕಂದು, ಕುಸುಬಿ ಹೂವಿನ ಹಳದಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ರಾತ್ರಿಗೆ ಒಂದು ನೀಲಿ. ಎತ್ತು ಮತ್ತು ಚುರಮರಿಗೆ ಕಾಗದದ ಬಿಳಿಯನ್ನೇ ಬಿಟ್ಟೆ. ಕೆಂಪನ್ನು ಇಡೀ ಪುಸ್ತಕದಲ್ಲಿ ಚೀಲಕ್ಕೆ ಮಾತ್ರ ಬಳಸಿದೆ. ಮಗುವಿನ ಕಣ್ಣು ಎಲ್ಲಿದ್ದರೂ ಚೀಲವನ್ನು ಹುಡುಕುತ್ತದೆ.

ಜಲವರ್ಣ ಆದರೆ ದಪ್ಪನೆಯ 300 ಜಿಎಸ್‌ಎಂ ಕಾಗದ ತಗೊಳ್ಳಿ, ತೆಳು ಹಾಳೆ ನೀರಿಗೆ ಸುಕ್ಕಾಗುತ್ತದೆ. ಪೋಸ್ಟರ್ ಕಲರ್ ಅಗ್ಗ, ತಪ್ಪಿದರೆ ಮೇಲೆ ಬಳಿಯಬಹುದು. ಟ್ಯಾಬ್ ಇದ್ದವರಿಗೆ ಕ್ರಿತಾ ಅನ್ನುವ ಉಚಿತ ತಂತ್ರಾಂಶ ಇದೆ. ಯಾವುದಾದರೂ ಸರಿ, ಆದರೆ ನಡುವೆ ಬದಲಿಸಬೇಡಿ.

ಚಿತ್ರ ತೆಗೆಯಲು ಬರುವುದೇ ಇಲ್ಲ ಅನ್ನುವವರಿಗೆ ಬಟ್ಟೆಚೂರು ಜೋಡಿಸಿ ಹೊಲಿಯುವ ಕೌದಿಯ ದಾರಿ ಇದೆ. ಹಳೇ ಸೀರೆ, ಧೋತರದ ಚೂರು ಕತ್ತರಿಸಿ ಹಾಳೆಯ ಮೇಲೆ ಅಂಟಿಸಿ ಎತ್ತು, ಚಕ್ಕಡಿ, ಆಕಾಶ ಮಾಡಿ. ಆಯಿಯ ಹಳೇ ಇಳಕಲ್ ಸೀರೆಯ ತುಂಡೇ ಆಯಿಯ ಸೀರೆ ಆಗಬಹುದು. ನಿಮ್ಮ ಮನೆಯಲ್ಲಿ ಕಸೂತಿ ಹಾಕುವವರಿದ್ದರೆ ಅದೂ ಒಂದು ದಾರಿ. ಎಳೆ ಎಣಿಸಿ ಹಾಕುವ ಕಸೂತಿಯನ್ನು ಗ್ರಾಫ್ ಹಾಳೆಯ ಮೇಲೆ ಸುಲಭವಾಗಿ ತೆಗೆಯಬಹುದು. ಆನೆ, ನವಿಲು, ತೇರು, ತುಳಸಿಕಟ್ಟೆ ಎಲ್ಲ ಅದರಲ್ಲಿ ಮೊದಲೇ ಇವೆ. ಒಂದೇ ಎಚ್ಚರಿಕೆ: ಎಲ್ಲ ಪುಟಕ್ಕೂ ಕಸೂತಿಯ ಅಂಚು ಹಾಕಬೇಡಿ. ಮದುವೆ ಕಾರ್ಡ್ ಆಗಿಬಿಡುತ್ತದೆ.

ಬೇರೆಯವರಿಂದ ತೆಗೆಸುವುದಾದರೂ ನಮ್ಮ ಭಾಗದಲ್ಲಿ ಬರವಿಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಚಿತ್ರಕಲಾ ಶಾಲೆಗಳಿಂದ ತಲೆಮಾರುಗಟ್ಟಲೆ ಕಲಾವಿದರು ಬಂದಿದ್ದಾರೆ. ಕಲಾ ಕಾಲೇಜಿನ ವಿದ್ಯಾರ್ಥಿಗಳೂ ಒಪ್ಪುತ್ತಾರೆ. ಅವರಿಗೆ ಕಥೆಯ ಜೊತೆ ಆ ಹನ್ನೊಂದು ನಿಮಿಷದ ರೆಕಾರ್ಡಿಂಗನ್ನೂ ಡಮ್ಮಿಯನ್ನೂ ಕೊಡಿ. ಸಂಭಾವನೆ ಎಷ್ಟು, ಎಷ್ಟು ಸಲ ತಿದ್ದಬೇಕು, ಮೂಲ ಚಿತ್ರ ಯಾರ ಹತ್ತಿರ ಉಳಿಯುತ್ತದೆ, ಚಿತ್ರದ ಹಕ್ಕು ಯಾರದು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಗೆಳೆತನ ಇದ್ದರಂತೂ ತಪ್ಪದೆ ಬರೆದುಕೊಳ್ಳಿ.

7. ಒತ್ತಕ್ಷರಕ್ಕೆ ಜಾಗ ಬಿಡಿ

ಇಂಗ್ಲಿಷ್ ಚಿತ್ರಪುಸ್ತಕಗಳನ್ನು ನೋಡಿ ಪುಟ ಯೋಜಿಸಿದರೆ ಕನ್ನಡ ಅದರಲ್ಲಿ ಹಿಡಿಸುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಅಂತರ ಬೇಕು. ಪುಟ್ಟ ಮಕ್ಕಳಿಗೆ 18ರಿಂದ 20 ಪಾಯಿಂಟ್ ಅಕ್ಷರ ಇಡಿ. ಪದಗಳೂ ಉದ್ದ, ಹೀಗಾಗಿ ಕಿರಿದಾದ ಜಾಗದಲ್ಲಿ ಸಾಲು ಎಲ್ಲೆಲ್ಲೋ ತುಂಡಾಗುತ್ತದೆ. ಡಮ್ಮಿಯಲ್ಲೇ ಅಕ್ಷರದ ಜಾಗವನ್ನು ಚೌಕ ಹಾಕಿ ಖಾಲಿ ಬಿಡಿ. ಬಯಲುಸೀಮೆಯ ಕಥೆ ಆದರೆ ಆಕಾಶವೇ ಆ ಜಾಗ.

ಭಾಷೆ ಯಾವುದು? ಇದಕ್ಕೆ ಮನೆಯಲ್ಲಿ ಜಗಳವೇ ಆಯಿತು. ಪೂರ್ತಿ ಧಾರವಾಡ ಮಾತಿನಲ್ಲಿ ಇರಲಿ ಅಂತ ಮಾಮಾ, ಶಾಲೆಯ ಕನ್ನಡದಲ್ಲಿ ಇರಲಿ ಅಂತ ತಂಗಿ. ನಾನು ಕಥೆ ಹೇಳುವ ಸಾಲುಗಳನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಇಟ್ಟು, ಅಜ್ಜ-ಆಯಿಯ ಬಾಯಿಗೆ ಅವರ ಮಾತನ್ನೇ ಬಿಟ್ಟೆ. ‘ಆಯಿ’, ‘ಚಕ್ಕಡಿ’, ‘ಕಂದೀಲು’ ಹಾಗೇ ಉಳಿದವು. ಕೋಲಾರದ ಮಗುವಿಗೆ ಚಕ್ಕಡಿ ಗೊತ್ತಿರಲಿಕ್ಕಿಲ್ಲ. ಪಕ್ಕದಲ್ಲೇ ಚಿತ್ರ ಇದೆಯಲ್ಲ, ಮತ್ತೇಕೆ ಚಿಂತೆ?

8. ಪ್ರೆಸ್‌ಗೆ ಹೋಗುವ ಮೊದಲು

ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ, ಹುಬ್ಬಳ್ಳಿಯಲ್ಲೂ ಪ್ರೆಸ್‌ಗಳು ಬೇಕಾದಷ್ಟಿವೆ. ಹೀಗಾಗಿ ಅಚ್ಚು ಹಾಕಿಸುವುದು ಕಷ್ಟವಲ್ಲ. ನಮ್ಮ ತಯಾರಿ ಸರಿ ಇರಬೇಕು. ನಾನು ಮಾಡಿಕೊಂಡ ಎಡವಟ್ಟುಗಳು ಇಲ್ಲಿವೆ.

ಚಿತ್ರಗಳನ್ನು ಫೋನ್‌ನಲ್ಲಿ ತೆಗೆದು ಕಳಿಸಿದ್ದೆ. ಸ್ಕ್ರೀನ್ ಮೇಲೆ ಚೆನ್ನಾಗಿತ್ತು, ಅಚ್ಚಿನಲ್ಲಿ ಮಂಜು ಕವಿದ ಹಾಗೆ ಬಂತು. ಅಚ್ಚಾಗುವ ಗಾತ್ರದಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರುವಂತೆ ಸ್ಕ್ಯಾನ್ ಮಾಡಿಸಿ. ಪುಟದ ಅಂಚಿನವರೆಗೆ ಬಣ್ಣ ಹೋಗುವ ಚಿತ್ರವನ್ನು ನಾಲ್ಕೂ ಕಡೆ 3 ಮಿ.ಮೀ. ಹೆಚ್ಚು ತೆಗೆಯಿರಿ, ಕಟಿಂಗ್‌ನಲ್ಲಿ ಅದು ಹೋಗುತ್ತದೆ. ಎರಡು ಪುಟ ಸೇರುವ ನಡುಗೆರೆಯ ಮೇಲೆ ಮುಖ ಬರಬಾರದು. ನನ್ನ ಒಂದು ಪುಟದಲ್ಲಿ ಸೆಂಟರ್ ಪಿನ್ ಸರಿಯಾಗಿ ಅಜ್ಜನ ಮೂಗಿನ ಮೇಲೆ ಕೂತಿತ್ತು.

ರಾತ್ರಿಯ ಪುಟಗಳು ಇನ್ನೂ ಕಷ್ಟ. ಸ್ಕ್ರೀನ್ ಬೆಳಕಿನಿಂದ ಬಣ್ಣ ತೋರಿಸುತ್ತದೆ. ಪ್ರೆಸ್ ನಾಲ್ಕು ಶಾಯಿಯಿಂದ ಬಣ್ಣ ಮಾಡುತ್ತದೆ, ಅದನ್ನು ಕಾಗದ ಹೀರುತ್ತದೆ, ಬಣ್ಣ ಇನ್ನಷ್ಟು ಗಾಢವಾಗುತ್ತದೆ. ನನ್ನ ಆರು ರಾತ್ರಿ ಪುಟಗಳು, ತಪ್ಪು ನೋಡಲು ತೆಗೆಸುವ ಮಾದರಿ ಅಚ್ಚಿನಲ್ಲಿ, ಅಂದರೆ ಮೊದಲ ಪ್ರೂಫ್‌ನಲ್ಲಿ ಸ್ಲೇಟಿನ ಹಾಗೆ ಬಂದವು. ಎರಡನೇ ಎತ್ತು ಕಾಣಲೇ ಇಲ್ಲ, ಅಂದರೆ ಕಥೆಯೇ ಹೋಯಿತು! ಕಪ್ಪು ಬಳಸಬೇಡಿ, ನೀಲಿಯಲ್ಲೇ ರಾತ್ರಿ ಮಾಡಿ. ಕಣ್ಣಿಗೆ ಸರಿ ಅನಿಸಿದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಇಡಿ. ಒಂದು ಪ್ರತಿ ಡಿಜಿಟಲ್ ಪ್ರಿಂಟ್ ತೆಗೆಸಿ, ಟ್ಯೂಬ್‌ಲೈಟ್ ಕೆಳಗೆ ಒಮ್ಮೆ, ಹಗಲು ಬೆಳಕಲ್ಲಿ ಒಮ್ಮೆ ನೋಡಿ.

ಅಕ್ಷರದ ಎಡವಟ್ಟು ಬೇರೆ. ಹಳೇ ಪೇಜ್‌ಮೇಕರ್‌ನಲ್ಲಿ ಪುಟ ಜೋಡಿಸುವ ಡಿಟಿಪಿಯವರು ನಾವು ಫೋನಿನಲ್ಲಿ ಟೈಪ್ ಮಾಡುವ ಯೂನಿಕೋಡ್ ಕನ್ನಡವನ್ನು ‘ನುಡಿ’ ಅನ್ನುವ ಹಳೇ ಫಾಂಟಿನ ಅಕ್ಷರಕ್ಕೆ ಬದಲಿಸಿಕೊಳ್ಳುತ್ತಾರೆ. ಹಾಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬಿಟ್ಟು ಓಡುತ್ತವೆ. ನನ್ನ ಪ್ರೂಫ್‌ನಲ್ಲಿ ‘ಎತ್ತು’ ಒತ್ತು ಕಳೆದುಕೊಂಡು ‘ಎತು’ ಆಗಿತ್ತು. ಬದಲಿಸಿದ ಮೇಲೆ ಮೊದಲಿನಿಂದ ಇನ್ನೊಮ್ಮೆ ಓದಿ. ಒಂದು ಸಲ ಹಿಂದಿನಿಂದ ಮುಂದಕ್ಕೂ ಓದಿ. ಕಥೆ ಗೊತ್ತಿದ್ದರೆ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಓದಿಬಿಡುತ್ತದೆ.

ಪ್ರತಿ ಎಷ್ಟು? ಮನೆಯವರಿಗೆ, ನೆಂಟರಿಗೆ ಮಾತ್ರ ಆದರೆ ಡಿಜಿಟಲ್‌ನಲ್ಲಿ ಐವತ್ತು ಪ್ರತಿ ಸಾಕು. ಐನೂರು, ಸಾವಿರ ಅಂತ ಆದರೆ ಆಫ್‌ಸೆಟ್ ಅಗ್ಗ ಬೀಳುತ್ತದೆ. ಮಾರುವ ಯೋಚನೆ ಇದ್ದರೆ ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ತಗೊಳ್ಳಿ. ನಮ್ಮ ದೇಶದಲ್ಲಿ ಅದನ್ನು ರಾಜಾರಾಮ್ ಮೋಹನ್ ರಾಯ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅಚ್ಚಿನ ಗೊಡವೆಯೇ ಬೇಡ ಅನ್ನುವವರು ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಹಾಕಬಹುದು. ಆದರೆ ಅಲ್ಲಿನ ಪರವಾನಗಿಯ ಪ್ರಕಾರ, ಹೆಸರು ಹಾಕಿ ಯಾರು ಬೇಕಾದರೂ ನಿಮ್ಮ ಕಥೆಯನ್ನು ಬಳಸಬಹುದು, ಅನುವಾದಿಸಬಹುದು, ಬದಲಿಸಲೂಬಹುದು. ಮನೆಯವರು ಇದಕ್ಕೆ ಒಪ್ಪುತ್ತಾರಾ ಅಂತ ಮೊದಲು ಕೇಳಿ. ನಮ್ಮ ಮಾಮಾ ಒಪ್ಪಲಿಲ್ಲ.

9. ಓದದೆ ತೋರಿಸಿ

ಅಂತಿಮ ಅಚ್ಚಿಗೆ ಮುಂಚೆ ಕಥೆ ಗೊತ್ತಿಲ್ಲದ ನಾಲ್ಕೈದು ಮಕ್ಕಳಿಗೆ ಬರೀ ಚಿತ್ರ ತೋರಿಸಿ. ಓದಬೇಡಿ. ‘ಇಲ್ಲಿ ಏನಾಗ್ತಿದೆ?’ ಅಂತ ಕೇಳಿ ಸುಮ್ಮನೆ ಕೂರಿ. ನಮ್ಮ ಓಣಿಯ ಮಕ್ಕಳು ಆರನೇ ಜೋಡಿಪುಟದಲ್ಲಿ ಹಳ್ಳವನ್ನು ಡಾಂಬರು ರಸ್ತೆ ಅಂದರು. ಹೌದು, ಎರೆ ಮಣ್ಣಿನ ನೀರು ಅಂತ ಕಪ್ಪುಕಂದು ಬಳಿದಿದ್ದೆ, ಅಲೆ ತೆಗೆದಿರಲಿಲ್ಲ. ಅದರಲ್ಲಿ ಒಂದು ಮುರಿದ ಜಾಲಿ ಕೊಂಬೆ ತೇಲಿಸಿದೆ. ಸಮಸ್ಯೆ ಮುಗಿಯಿತು.

ಕೊನೆಯದಾಗಿ ಒಂದು ತಾಂತ್ರಿಕ ಮಾತು. ಅಕ್ಷರವನ್ನು ಚಿತ್ರದ ಮೇಲೇ ಕೈಯಿಂದ ಬರೆಯಬೇಡಿ. ಅದನ್ನು ಬೇರೆ ಪದರದಲ್ಲಿ, ಬರೀ ಕಪ್ಪು ಶಾಯಿಯಲ್ಲಿ ಇಡಿ. ಮುಂದೆ ಬೇರೆ ಭಾಷೆಗೆ ಹೋದರೂ ಚಿತ್ರ ಮುಟ್ಟಬೇಕಿಲ್ಲ, ಕೊನೇ ಗಳಿಗೆಯಲ್ಲಿ ಪದ ಬದಲಿಸಿದರೂ ಖರ್ಚು ಕಡಿಮೆ. ಇದರ ಲಾಭ ನನಗೆ ಬೇಗನೇ ಗೊತ್ತಾಯಿತು. ಎರಡನೇ ಪ್ರೂಫನ್ನು ಆಯಿಯ ತೊಡೆಯ ಮೇಲೆ ಇಟ್ಟಿದ್ದೆ. ಬಸ್ಯಾನನ್ನು ನೋಡಿ ‘ಬಾಲ ಉದ್ದ ಆತು’ ಅಂದಳು. ಪುಟ ತಿರುವಿದಳು, ತಿರುವಿದಳು. ಚೀಲದೊಳಗೆ ಮೂತಿ ಇಟ್ಟ ಎತ್ತಿನ ಮೇಲೆ ಬೆರಳು ಊರಿ ನಕ್ಕಳು.

‘ಸೋಮ್ಯಾ! ಕಳ್ಳ ಸೋಮ್ಯಾ!’

ಪ್ರೆಸ್‌ಗೆ ಫೋನ್ ಮಾಡಿದೆ. ಪುಟ 32 ಇನ್ನೂ ಖಾಲಿ ಇತ್ತು, ಒಂದು ಸಾಲಿಗೆ ಜಾಗ ಸಿಕ್ಕಿತು.